ಬೀಗರ ಕ್ಷಿಪಣಿ

ರೆಕ್ಕೆ ಮೇಡಂ ಅವರ ಮಗಳು ಕೊಕ್ಕೆ ಸಾಹೇಬರ ಮಗನನ್ನು ಮದುವೆಯಾದಾಗ ಹಿರಿಯರಿಬ್ಬರೂ ಒಂದೇ ಸಂಸ್ಥೆಯಲ್ಲಿದ್ದರೂ ಬೇರೆ ಬೇರೆ ಕಟ್ಟಡಗಳಲ್ಲಿದ್ದರು. ನಡುವೆ ವಿಶಾಲವಾದ ಮೈದಾನ, ಒಂದು ಕ್ಯಾಂಟೀನು, ಎರಡು ಗೇಟು. ಅಪರೂಪಕ್ಕೊಮ್ಮೆ ಎದುರಾದರೆ ನಗು, ಕುಶಲ, ಮುಂದಕ್ಕೆ ನಡಿಗೆ. ಹಾಗಾಗಿ ಬೀಗತನ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಆಮೇಲೆ ಆ ಕ್ಷಿಪಣಿ ಬಂತು.

ವಿಮಾನದಿಂದ ಬಿಡುವ ಕ್ಷಿಪಣಿ ಅದು. ವಿಮಾನ ಅದನ್ನು ಹೊಟ್ಟೆಯಡಿ ನೇತುಹಾಕಿಕೊಂಡು ಮೇಲೇರಿ, ಗುರಿಯಿಂದ ಎಷ್ಟೋ ದೂರದಲ್ಲೇ ಕೈಬಿಡಬೇಕು. ಕ್ಷಿಪಣಿ ಸ್ವಲ್ಪ ಹೊತ್ತು ಸುಮ್ಮನೆ ಬೀಳಬೇಕು, ಬೀಳುತ್ತಲೇ ಮಡಿಸಿಟ್ಟ ರೆಕ್ಕೆಗಳನ್ನು ಬಿಚ್ಚಬೇಕು, ಎಂಜಿನ್ ಹೊತ್ತಿಸಿಕೊಳ್ಳಬೇಕು, ನೀರಿಗೆ ಹೊಟ್ಟೆ ತಾಗಿಸಿಕೊಂಡಷ್ಟು ಕೆಳಗೆ ಹಾರುತ್ತ ತಾನಾಗಿಯೇ ದಾರಿ ಹುಡುಕಿಕೊಂಡು ಹೋಗಬೇಕು. ರೆಕ್ಕೆ ಬಿಚ್ಚಿಸುವ ಕೆಲಸ ಮೇಡಂ ಅವರ ಗುಂಪಿನದು. ಅದನ್ನು ವಿಮಾನಕ್ಕೆ ನೇತುಹಾಕುವುದು, ಸಮಯಕ್ಕೆ ಸರಿಯಾಗಿ ಬಿಡುವುದು ಸಾಹೇಬರ ಗುಂಪಿನದು. ಕ್ಷಿಪಣಿಯನ್ನು ಹಿಡಿದುಕೊಳ್ಳುವ ಮುಂದಿನ ಮತ್ತು ಹಿಂದಿನ ಕೊಕ್ಕೆಗಳು ಅವರ ಕೈಕೆಳಗಿದ್ದದ್ದು ಅವರ ಅಡ್ಡಹೆಸರಿಗೆ ಅರ್ಧ ಕಾರಣ. ಯಾವ ಸಭೆಯಲ್ಲಿ ಯಾರು ಏನೇ ಹೇಳಲಿ, ಅದಕ್ಕೊಂದು ಕೊಕ್ಕೆ ಹಾಕದೆ ಅವರು ಎದ್ದುಬರುತ್ತಿರಲಿಲ್ಲ ಎಂಬುದು ಉಳಿದರ್ಧ.

ಮೊದಲ ಮಾದರಿಗೆ ಹಸಿರು ಬಣ್ಣ ಬಳಿದಿದ್ದರು. ಉದ್ದಕ್ಕೆ, ಗುಂಡಗೆ, ಎರಡೂ ತುದಿ ಸ್ವಲ್ಪ ಚೂಪಗೆ. ನೋಡಿದವರ್ಯಾರೋ ‘ಸೌತೆಕಾಯಿ’ ಎಂದರು. ಕಾಗದಪತ್ರಗಳಲ್ಲಿ ಅದಕ್ಕೆ ಗಂಭೀರವಾದ ಹೆಸರೊಂದಿತ್ತು. ಅದನ್ನು ನಿರ್ದೇಶಕರ ಎದುರಿಗೆ ಮಾತ್ರ ಬಳಸುತ್ತಿದ್ದರು.

ಮೊದಲ ಸಲ ಅದನ್ನು ಬೀಳಿಸಿ ನೋಡಿದ ದಿನ ಆಕಾಶ ತೊಳೆದಿಟ್ಟಂತಿತ್ತು. ಆ ಸಲ ಎಂಜಿನ್ ಇರಲಿಲ್ಲ, ಸ್ಫೋಟಕ ಇರಬೇಕಾದಲ್ಲಿ ಕಾಂಕ್ರೀಟ್ ತುಂಬಿದ್ದರು. ರೆಕ್ಕೆ ಬಿಚ್ಚಿಕೊಂಡು ಸ್ವಲ್ಪ ದೂರ ತೇಲಿದರೆ ಸಾಕಿತ್ತು. ವಿಮಾನ ಬಹಳ ಹೊತ್ತು ಮೇಲೆ ಸುತ್ತಿ, ಸಮುದ್ರದ ನೆತ್ತಿಗೆ ಬಂದು ಸೌತೆಕಾಯಿಯನ್ನು ಬಿಟ್ಟಿತು. ಎಡರೆಕ್ಕೆ ಪೂರ್ತಿ ಬಿಚ್ಚಿಕೊಂಡಿತು. ಬಲರೆಕ್ಕೆ ಅರ್ಧಕ್ಕೆ ಬಂದು ನಿಂತಿತು, ಮನೆಯವರು ಎದ್ದಿದ್ದಾರೋ ಇಲ್ಲವೋ ಎಂದು ಬಾಗಿಲು ಓರೆ ಮಾಡಿದ ನೆಂಟರಂತೆ. ಕ್ಷಿಪಣಿ ಮಗ್ಗುಲಾಗಿ, ಹೊರಳಿ, ಮತ್ತೂ ಹೊರಳಿ ನೀರಿಗೆ ಬಿತ್ತು.

ಮರುದಿನದ ಸಭೆಯಲ್ಲಿ ಜೊತೆವಿಮಾನದಿಂದ ತೆಗೆದ ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿದರು. ಅದರಲ್ಲಿ ಇಬ್ಬರಿಗೂ ಬೇಕಾದ್ದು ಕಂಡಿತು.

“ಹಿಂದಿನ ಕೊಕ್ಕೆ ತಡವಾಗಿ ಬಿಟ್ಟಿದೆ ನೋಡಿ,” ಎಂದರು ಮೇಡಂ. “ಮೂತಿ ಕೆಳಗಾಗಿ ಪಕ್ಕಕ್ಕೆ ತಿರುಗಿದೆ. ಬಾಲ ಹಿಡಿದು ಎಳೆದ್ರೆ ಯಾರು ತಾನೇ ನೆಟ್ಟಗೆ ಹೋಗ್ತಾರೆ?”

“ಅಷ್ಟಿಷ್ಟು ತಿರುಗೋದು ಲೆಕ್ಕದಲ್ಲೇ ಇದೆ ಮೇಡಂ,” ಎಂದರು ಕೊಕ್ಕೆ ಸಾಹೇಬರು. “ನಾವು ಬಿಟ್ಟಾಯ್ತು. ಆಮೇಲೆ ರೆಕ್ಕೆ ಬಿಚ್ಚೋದು ಮುದುಡೋದು ನಿಮಗೆ ಸೇರಿದ್ದು.”

ನಿರ್ದೇಶಕರಿಗೆ ಇವರ ನೆಂಟಸ್ತನ ಗೊತ್ತಿರಲಿಲ್ಲ. ಅವರು ಬಲರೆಕ್ಕೆ ಪೂರ್ತಿ ಬಿಚ್ಚಿದ ಮೇಲೆ ಅದನ್ನು ಹಿಡಿದಿಡಬೇಕಾದ, ಅದರ ಬುಡದಲ್ಲಿದ್ದ ಬೀಗದ ಚಿತ್ರವನ್ನು ತೋರಿಸಿ, “ಈ ಬೀಗ ಯಾಕೆ ಬಿಗಿಯಾಗ್ಲಿಲ್ಲ?” ಎಂದು ಕೇಳಿದರು.

“ಬೀಗರು ಬಿಗಿಯಾಗೇ ಇದ್ದಾರೆ ಸರ್,” ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ಕೋಣೆಯೆಲ್ಲ ನಕ್ಕಿತು. ನಗದವರು ಮೂವರೇ: ನಿರ್ದೇಶಕರಿಗೆ ಅರ್ಥವಾಗಲಿಲ್ಲ, ಉಳಿದಿಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

ಅಂದಿನಿಂದ ಇಬ್ಬರೂ ಮೈದಾನದ ಎರಡು ಅಂಚು ಹಿಡಿದು ನಡೆಯತೊಡಗಿದರು. ಕ್ಯಾಂಟೀನಿನಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಚಹಾ ತರಿಸಿಕೊಂಡು ತಮ್ಮ ಮೇಜಿನಲ್ಲೇ ಕುಡಿಯುತ್ತಿದ್ದರು. ಆದರೆ ಭಾನುವಾರವನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಭಾನುವಾರ ಮಧ್ಯಾಹ್ನ ಎರಡೂ ಮನೆಯವರು ಮಕ್ಕಳ ಫ್ಲ್ಯಾಟಿನಲ್ಲಿ ಊಟ ಮಾಡುವುದು ಮದುವೆಯಾದಾಗಿನಿಂದ ನಡೆದುಬಂದಿತ್ತು. ಮೇಡಂ ಅವರ ಯಜಮಾನರು ಹಡಗಿನ ಎಂಜಿನಿಯರು. ವರ್ಷದಲ್ಲಿ ಹೆಚ್ಚು ದಿನ ನೀರಿನ ಮೇಲೆಯೇ. ಹಾಗಾಗಿ ಆ ಕಡೆಯಿಂದ ಮೇಡಂ ಒಬ್ಬರೇ. ಈ ಕಡೆಯಿಂದ ಸಾಹೇಬರು ಮತ್ತು ಅವರ ಹೆಂಡತಿ. ಸಾಹೇಬರ ಹೆಂಡತಿ, ಅಂದರೆ ಮೇಡಂ ಅವರ ಬೀಗಿತ್ತಿ, ಹಲ್ಲಿನ ಡಾಕ್ಟರು. ಎಂಥವರ ಬಾಯನ್ನೂ ತೆರೆಸುವುದು ಮತ್ತು ಮುಚ್ಚಿಸುವುದು ಆಕೆಗೆ ಅಭ್ಯಾಸವಾಗಿತ್ತು.

ಆ ಭಾನುವಾರ ಮೇಜಿನ ಮೇಲೆ ಸೂಪಿತ್ತು, ಹುರಿದ ಆಲೂಗಡ್ಡೆಯಿತ್ತು, ಮಾತು ಮಾತ್ರ ಇರಲಿಲ್ಲ.

“ಅವರಿಗೆ ಉಪ್ಪು ಬೇಕೇನೋ ಕೇಳಮ್ಮ,” ಎಂದರು ಮೇಡಂ ಮಗಳಿಗೆ.

“ಉಪ್ಪು ಸರಿಯಾಗಿದೆ ಅಂತ ಹೇಳಮ್ಮ,” ಎಂದರು ಸಾಹೇಬರು ಸೊಸೆಗೆ. “ಉಪ್ಪಿನ ಡಬ್ಬಿ ಮುಚ್ಚಳ ಮಾತ್ರ ಅರ್ಧ ತೆರೆದಿದೆ.”

“ಮುಚ್ಚಳದ ತಪ್ಪಲ್ಲ. ಡಬ್ಬಿನ ಯಾರೋ ಓರೆಯಾಗಿ ಇಟ್ಟಿದ್ದಾರೆ.”

ಭೂಗೋಳದ ಮೇಷ್ಟರಾಗಿದ್ದ ಅಳಿಯ ಉಪ್ಪಿನ ಡಬ್ಬಿಯನ್ನು ಮೆಲ್ಲಗೆ ಎತ್ತಿ ಅಲಮಾರಿಯೊಳಗೆ ಇಟ್ಟುಬಂದ. ಹಲ್ಲಿನ ಡಾಕ್ಟರು ಚಮಚ ಕೆಳಗಿಟ್ಟರು.

“ಇಲ್ಲಿ ಕೇಳಿ ಇಬ್ರೂ. ಇನ್ನು ಈ ಮೇಜಿನಲ್ಲಿ ಯಾರು ಆ ವಿಷಯ ಎತ್ತುತ್ತಾರೋ ಅವರೇ ಪಾತ್ರೆ ತೊಳೀಬೇಕು.”

“ಯಾವ ವಿಷಯ?” ಎಂದರು ಸಾಹೇಬರು ಮುಗ್ಧರಂತೆ.

“ಸೌತೆಕಾಯಿ ವಿಷಯ,” ಎಂದು ಮೇಡಂ ಬಾಯಿತಪ್ಪಿ ಹೇಳಿಬಿಟ್ಟರು.

“ಆಹಾ, ಮೊದಲು ಅವರೇ ಹೇಳಿದ್ದು. ಅರ್ಧಕ್ಕೆ ನಿಂತ ರೆಕ್ಕೆಯವರೇ,” ಎಂದು ಸಾಹೇಬರು ಖುಷಿಯಿಂದ ಬೆರಳು ತೋರಿಸಿದರು. ಹೀಗೆ ಇಬ್ಬರೂ ಸಿಕ್ಕಿಬಿದ್ದರು.

ಅಡುಗೆಮನೆ ಇಕ್ಕಟ್ಟಿನದು. ಸಿಂಕಿನ ಮುಂದೆ ಇಬ್ಬರು ನಿಂತರೆ ಮೊಣಕೈ ತಗಲುತ್ತಿತ್ತು. ಮೇಡಂ ತೊಳೆದರು, ಸಾಹೇಬರು ಒರೆಸಿದರು. ತಟ್ಟೆಗಳು ಮುಗಿದವು, ಲೋಟಗಳು ಮುಗಿದವು. ಕೊನೆಗೆ ದೊಡ್ಡ ಪಾತ್ರೆಯನ್ನು ಉಜ್ಜುವಾಗ ಸಾಹೇಬರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು:

“ಬೀಗಿತ್ತಿಯವರೇ, ಒಂದು ಮಾತು. ಬಿಡೋ ಮೊದಲು ಸೌತೆಕಾಯಿನ ಅಷ್ಟು ಎತ್ತರದ ಚಳಿಯಲ್ಲಿ ಇಟ್ಟು ನೋಡಿದ್ರಲ್ಲ, ಆಗ ಅದನ್ನ ಯಾವುದಕ್ಕೆ ನೇತುಹಾಕಿದ್ರಿ?”

“ನೇತುಹಾಕೋದೇನು, ಮೇಜಿನ ಮೇಲಿಟ್ಟು ರೆಕ್ಕೆ ಬಿಚ್ಚಿಸಿ ನೋಡಿದ್ವಿ. ಸ್ವಲ್ಪ ಬಿಗಿ ಅನ್ನಿಸ್ತು, ಆದ್ರೆ ಬಿಚ್ಚಿತು. ಬೀಗವೂ ಬಿತ್ತು.” ಮೇಡಂ ಉಜ್ಜುವುದನ್ನು ನಿಲ್ಲಿಸಿದರು. “ನೀವು ಕೊಕ್ಕೆನ ಚಳಿಯಲ್ಲಿ ನೋಡಿದಾಗ ಅದರಲ್ಲಿ ಏನಿತ್ತು?”

“ಅಷ್ಟೇ ತೂಕದ ಕಬ್ಬಿಣದ ದಿಮ್ಮಿ. ಹಿಂದಿನ ಕೊಕ್ಕೆ ಒಂಚೂರು ತಡ ಮಾಡ್ತು. ಲೆಕ್ಕದೊಳಗೇ ಇತ್ತು.”

“ದಿಮ್ಮಿಗೆ ರೆಕ್ಕೆ ಇರಲ್ಲ.”

“ಮೇಜಿನ ಮೇಲೆ ಗಾಳಿ ಇರಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಸಭೆಯ ನಂತರ ಇದೇ ಮೊದಲು.

“ನಿಮ್ಮದು ಸ್ವಲ್ಪ ತಡ,” ಎಂದರು ಮೇಡಂ ನಿಧಾನವಾಗಿ. “ಅದರಿಂದ ಮೂತಿ ಸ್ವಲ್ಪ ಓರೆ. ಓರೆಯಾದ್ರೆ ಬಲರೆಕ್ಕೆ ಗಾಳಿಗೆ ಎದುರಾಗಿ ಬಿಚ್ಚಬೇಕು. ನಮ್ಮದು ಮೊದಲೇ ಚಳಿಗೆ ಸ್ವಲ್ಪ ಬಿಗಿ.”

“ಎರಡು ಸ್ವಲ್ಪ ಸೇರಿದ್ರೆ?”

“ಸಮುದ್ರ.”

ಕೋಣೆಯಿಂದ ಹಲ್ಲಿನ ಡಾಕ್ಟರ ದನಿ ಬಂತು. “ಅಲ್ಲೇನು ಇನ್ನೂ ಜಗಳವಾ?”

“ಇಲ್ಲ,” ಎಂದರು ಇಬ್ಬರೂ ಒಟ್ಟಿಗೆ, ಬೈಸಿಕೊಂಡ ಮಕ್ಕಳ ಹಾಗೆ.

ಮರುದಿನ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ನಿರ್ದೇಶಕರ ಕೋಣೆಗೆ ಹೋದಾಗ ಇವರು ರಾಜೀನಾಮೆ ಕೊಡಲು ಬಂದರೆಂದೇ ತಿಳಿದು ಅವರು ಕುರ್ಚಿಯಿಂದ ಅರ್ಧ ಎದ್ದರು. ಇವರು ಕೇಳಿದ್ದು ಬೇರೆ: ನಿಜವಾದ ಕೊಕ್ಕೆಗೆ ನಿಜವಾದ ಸೌತೆಕಾಯಿ ನೇತುಹಾಕಿ, ಎರಡನ್ನೂ ಒಟ್ಟಿಗೆ ಮೇಲಿನ ಆಕಾಶದಷ್ಟು ತಣ್ಣಗೆ ಮಾಡಿ, ನೆಲದ ಮೇಲೇ ಬೀಳಿಸಿ ನೋಡಬೇಕು.

“ಅದಕ್ಕೆ ಟೈಮ್ ಎಲ್ಲಿದೆ?” ಎಂದರು ನಿರ್ದೇಶಕರು. “ಸುಮ್ಮನೆ ಇನ್ನೊಂದು ಸಲ ವಿಮಾನದಿಂದಲೇ ಬಿಡಬಹುದಲ್ಲ?”

“ಬಿಡಬಹುದು ಸರ್,” ಎಂದರು ಸಾಹೇಬರು. “ಇನ್ನೊಂದು ಸಲ ಮುಳುಗುತ್ತೆ. ಆಗ ಯಾರ ತಪ್ಪು ಅಂತ ಮತ್ತೆ ಜಗಳ ಆಡೋಕೆ ಟೈಮ್ ಬೇಕಾಗುತ್ತೆ.”

ಅದು ಅವರ ವೃತ್ತಿಜೀವನದಲ್ಲೇ ಅತ್ಯಂತ ಉಪಯುಕ್ತವಾದ ಕೊಕ್ಕೆ. ನಿರ್ದೇಶಕರು ಒಪ್ಪಿದರು.

ಹ್ಯಾಂಗರಿನ ಒಂದು ಮೂಲೆಯಲ್ಲಿ ದಪ್ಪನೆಯ ಹೊದಿಕೆಯ ಗುಡಾರ ಎದ್ದಿತು. ಮೇಲಿನ ತೊಲೆಗೆ ವಿಮಾನದ ಕೊಕ್ಕೆಗಳನ್ನು ಬಿಗಿದು, ಅದಕ್ಕೆ ಸೌತೆಕಾಯಿಯನ್ನು ನೇತುಹಾಕಿ, ಕೆಳಗೆ ಬಲೆ ಕಟ್ಟಿ, ಬಲೆಯ ಕೆಳಗೆ ಕೈಗೆ ಸಿಕ್ಕ ಹಾಸಿಗೆಗಳನ್ನೆಲ್ಲ ಹಾಸಿದರು. ವಿಶ್ರಾಂತಿ ಕೋಣೆಯ ಹಾಸಿಗೆಗಳೂ ಮಾಯವಾದವೆಂದು ಕಾವಲಿನವರು ದೂರು ಕೊಟ್ಟರು. ಹೊರಗೆ ಬಿಸಿಲು ಸುಡುತ್ತಿದ್ದರೆ ಗುಡಾರದೊಳಗೆ ಒಣ ಮಂಜುಗಡ್ಡೆಯ ಹೊಗೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಎರಡೂ ಗುಂಪಿನವರು ಉಣ್ಣೆಯ ಟೋಪಿ ಹಾಕಿಕೊಂಡು ಒಳಗೆ ಹೋಗಿ, ಹೊರಬಂದು ಬೆವರು ಒರೆಸಿಕೊಂಡು, ಮತ್ತೆ ಒಳಗೆ ಹೋದರು. ನಾಲ್ಕಾರು ದಿನಗಳಲ್ಲಿ ಎಲ್ಲರಿಗೂ ನೆಗಡಿಯಾಯಿತು. ಯಾರು ಯಾವ ಗುಂಪಿನವರು ಎಂಬುದು ಸೀನಿನಿಂದ ಗೊತ್ತಾಗುವಂತಿರಲಿಲ್ಲ.

ಎಲ್ಲವೂ ಮರಗಟ್ಟಿದಂತೆ ತಣ್ಣಗಾದ ಮೇಲೆ ಮೊದಲು ಬೀಳಿಸಿದರು. ವೇಗದ ಕ್ಯಾಮೆರಾ ತೆಗೆದ ಚಿತ್ರ ಪರದೆಯ ಮೇಲೆ ಬಂತು. ಮುಂದಿನ ಕೊಕ್ಕೆ ಬಿಟ್ಟಿತ್ತು, ಹಿಂದಿನದು ಬಿಡಲೋ ಬೇಡವೋ ಎಂದು ಯೋಚಿಸಿ ಆಮೇಲೆ ಬಿಟ್ಟಿತ್ತು. ದಿಮ್ಮಿ ಹಾಕಿ ನೋಡಿದಾಗಿನ ತಡಕ್ಕಿಂತ ಇದು ಹೆಚ್ಚೇ ಇತ್ತು.

“ನೀವು ಹೇಳಿದ್ದು ಸರಿ,” ಎಂದರು ಸಾಹೇಬರು. ಆ ಮಾತನ್ನು ಅವರ ಬಾಯಿಂದ ಕೇಳಿದ ನೆನಪು ಅವರ ಗುಂಪಿನವರಿಗಿರಲಿಲ್ಲ.

ಆಮೇಲೆ, ಅಷ್ಟು ಓರೆಯಾದಾಗ ಗಾಳಿ ಎಷ್ಟು ಒತ್ತುತ್ತದೋ ಅಷ್ಟೇ ಎಳೆಯುವ ಹಾಗೆ ಬಲರೆಕ್ಕೆಗೆ ದಪ್ಪ ರಬ್ಬರ್ ಪಟ್ಟಿಗಳನ್ನು ಕಟ್ಟಿ, ರೆಕ್ಕೆ ಬಿಚ್ಚುವ ಗುಂಡಿ ಒತ್ತಿದರು. ರೆಕ್ಕೆ ಸರ್ರನೆ ಹೊರಬಂದು, ಸಮುದ್ರದ ಮೇಲೆ ಅವತ್ತು ಅರ್ಧಕ್ಕೆ ನಿಂತಿದ್ದ ಜಾಗದಲ್ಲೇ ನಿಂತಿತು. ಬೀಗ ಬೀಳಲಿಲ್ಲ.

ಆಮೇಲೆ ಹ್ಯಾಂಗರಿನಲ್ಲಿ ಎದ್ದ ಚಪ್ಪಾಳೆ, ಶಿಳ್ಳೆ ಕೇಳಿ ನಿರ್ದೇಶಕರು ಓಡೋಡಿ ಬಂದರು.

“ಗೆದ್ದಿತಾ?”

“ಇಲ್ಲ ಸರ್, ಕೆಟ್ಟಿತು,” ಎಂದರು ಮೇಡಂ. ಟೋಪಿ ಒಂದು ಕಿವಿಯ ಮೇಲೆ ಜಾರಿತ್ತು, ಮೂಗು ಕೆಂಪಾಗಿತ್ತು, ಮುಖ ಅರಳಿತ್ತು. “ಕರಾರುವಾಕ್ಕಾಗಿ ಹಾಗೇ ಕೆಟ್ಟಿದೆ.”

ನಿರ್ದೇಶಕರು ಗೋಡೆಯ ಪಕ್ಕ ಉಳಿದಿದ್ದ ಹಾಸಿಗೆಯ ಮೇಲೆ ಕುಳಿತುಕೊಂಡು, ತಮಗೂ ಒಂದು ಟೋಪಿ ಕೊಡಿ ಎಂದರು.

ತಪ್ಪು ಸಿಕ್ಕಿದ ಮೇಲೆ ಜಗಳ ತಿರುಗುಮುರುಗಾಯಿತು. ನಮ್ಮ ಕೊಕ್ಕೆಯನ್ನೇ ಸರಿಮಾಡುತ್ತೇವೆ, ನಿಮ್ಮ ರೆಕ್ಕೆ ಹಾಗೇ ಇರಲಿ ಎಂದರು ಸಾಹೇಬರು. ರೆಕ್ಕೆಯನ್ನೇ ಸರಿಮಾಡುತ್ತೇವೆ, ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದರು ಮೇಡಂ. ಕೊನೆಗೆ ಎರಡೂ ಆದವು. ಎರಡು ಕೊಕ್ಕೆಗಳನ್ನೂ ಒಂದೇ ಸರಳಿಗೆ ಜೋಡಿಸಿ, ಒಂದು ಬಿಟ್ಟರೆ ಇನ್ನೊಂದು ಬಿಡಲೇಬೇಕು ಎಂಬಂತೆ ಮಾಡಿದರು. ರೆಕ್ಕೆಯ ಕೀಲಿನಲ್ಲಿ ಚಳಿಗೆ ಗಟ್ಟಿಯಾಗುತ್ತಿದ್ದ ಗ್ರೀಸನ್ನು ಕೆರೆದು ತೆಗೆದು, ಒಣ ಪುಡಿಯ ಲೇಪ ಹಚ್ಚಿ, ಸ್ಪ್ರಿಂಗನ್ನು ಬಲಪಡಿಸಿದರು. ಮೂತಿ ನೆಟ್ಟಗಾಗುವ ತನಕ ರೆಕ್ಕೆ ಕಾಯಬೇಕು ಎಂದು ಕ್ಷಿಪಣಿಯ ಕಂಪ್ಯೂಟರಿಗೂ ಹೇಳಿಕೊಟ್ಟರು. ಮುಂದಿನ ಸಲ ಮೇಲಿನಿಂದ ಬಿಟ್ಟಾಗ ಸೌತೆಕಾಯಿ ಎರಡೂ ರೆಕ್ಕೆ ಚಾಚಿಕೊಂಡು ತೇಲಿತು. ಇನ್ನುಳಿದದ್ದು ಎಂಜಿನ್ ಹಾಕಿ, ಕಾಂಕ್ರೀಟನ್ನು ಹಾಗೇ ಬಿಟ್ಟು, ಗುರಿಯವರೆಗೆ ಹಾರಿಸುವುದು.

ಪರೀಕ್ಷೆಯ ಜಾಗ ಸಮುದ್ರದ ದಂಡೆಯಲ್ಲಿ, ದೂರದಲ್ಲಿತ್ತು. ಹೊರಡುವ ದಿನ ಮಗಳು ಅಮ್ಮನನ್ನು ತನ್ನ ಕಾರಿನಲ್ಲಿ ರೈಲ್ವೆ ನಿಲ್ದಾಣಕ್ಕೆ ಕರೆದೊಯ್ದಳು. ಅವಳು ಆಸ್ಪತ್ರೆಯೊಂದರಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವವಳು. ಸಿಗ್ನಲ್ಲಿನಲ್ಲಿ ನಿಂತಾಗ ರಸ್ತೆಯನ್ನೇ ನೋಡುತ್ತ ಕೇಳಿದಳು:

“ಅಮ್ಮ, ರೆಕ್ಕೆ ಬಿಚ್ಚೋದು, ಹಾರೋದು ಎಲ್ಲ ಹೇಳ್ತೀಯ. ಹೋಗಿ ಬೀಳೋ ಕಡೆ ಏನಾಗುತ್ತೆ ಅನ್ನೋದನ್ನ ಯೋಚಿಸ್ತೀಯಾ?”

ಮೇಡಂ ಚೀಲದ ಹಿಡಿಯನ್ನು ಸರಿಪಡಿಸಿಕೊಂಡರು. “ಯೋಚಿಸಲ್ಲ ಅಂದ್ರೆ ಸುಳ್ಳಾಗುತ್ತೆ.”

“ಮತ್ತೆ?”

“ಇದು ನಮ್ಮ ಹತ್ರ ಇದೆ ಅಂತ ಗೊತ್ತಾದ್ರೆ ಯಾರೂ ಜಗಳಕ್ಕೆ ಬರಲ್ಲ ಅಂತಾರೆ. ನಿಜ ಆಗ್ಲಿ ಅಂದ್ಕೋತೀನಿ. ಬಿಡಲೇಬೇಕಾಗಿ ಬಂದ್ರೆ ಇಟ್ಟ ಗುರಿಗೆ ಹೋಗ್ಲಿ, ಪಕ್ಕದ ಮನೆಗೆ ಹೋಗದೆ ಇರ್ಲಿ. ಅದಕ್ಕೆ ರೆಕ್ಕೆ ಸರಿ ಇರಬೇಕು. ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ರ ಇಲ್ಲ ಕಣೆ.”

ಮಗಳು ತಲೆಯಾಡಿಸಿದಳು. ಒಪ್ಪಿದಳೆಂದಲ್ಲ, ಕೇಳಿಸಿಕೊಂಡಳು. ನಿಲ್ದಾಣದಲ್ಲಿ ಇಳಿಸುವಾಗ ತನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ ಅಮ್ಮನಿಗೆ ಸುತ್ತಿ, “ಅಲ್ಲಿ ಗಾಳಿ ಜಾಸ್ತಿ. ಮಾವನಿಗೂ ಹೇಳು, ತಲೆ ಮುಚ್ಚಿಕೊಳ್ಳಲಿ,” ಎಂದಳು.

ಪರೀಕ್ಷೆಯ ದಿನ ನಿಯಂತ್ರಣ ಕೋಣೆಯಲ್ಲಿ ಕುರ್ಚಿಗಳಿಗಿಂತ ಜನ ಹೆಚ್ಚಿದ್ದರು. ಕ್ಷಿಪಣಿಯ ಹಿಂದೆ ಹಾರುತ್ತ ಕಣ್ಣಾರೆ ನೋಡಿ ಹೇಳುವ ಜೊತೆವಿಮಾನದ ಪೈಲಟ್ ಒಬ್ಬ ಹೆಂಗಸು. ಆಕೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಬೆಂಕಿ ಬಿದ್ದಿದೆ ಎನ್ನುವುದನ್ನೂ ಚಹಾ ಆರಿದೆ ಎನ್ನುವ ಹಾಗೆ ಹೇಳುತ್ತಾಳೆ ಎಂದು ಪ್ರತೀತಿ. ಅಕಸ್ಮಾತ್ ದಾರಿ ತಪ್ಪಿದರೆ ಕ್ಷಿಪಣಿಯನ್ನು ನಡುದಾರಿಯಲ್ಲೇ ಒಡೆದುಹಾಕುವ ಗುಂಡಿಯ ಮುಂದೆ ಸುರಕ್ಷತಾ ಅಧಿಕಾರಿ ಕೈಕಟ್ಟಿಕೊಂಡು ಕುಳಿತಿದ್ದರು. ಬೀಗರಿಬ್ಬರಿಗೂ ಜಾಗ ಸಿಕ್ಕಿದ್ದು ಹಿಂದಿನ ಗೋಡೆಯ ಹತ್ತಿರ, ಒಂದೇ ಬೆಂಚಿನ ಮೇಲೆ.

“ಬಿಟ್ಟಿದೆ,” ಎಂದಿತು ಪೈಲಟಿನ ದನಿ. “ನೆಟ್ಟಗೆ ಬೀಳ್ತಿದೆ.”

ಸಾಹೇಬರು ಉಸಿರು ಬಿಟ್ಟರು. ಮೇಡಂ ಉಸಿರು ಹಿಡಿದರು.

“ಎಡರೆಕ್ಕೆ ಬಿಚ್ಚಿತು. ಬಲರೆಕ್ಕೆ ಬಿಚ್ಚಿತು. ಎಂಜಿನ್ ಹೊತ್ತಿದೆ. ಹೊರಟಿತು.”

ಮುಂದಿನ ಸಾಲಿನವರು ಎದ್ದು ನಿಂತದ್ದರಿಂದ ಬೆಂಚಿನವರಿಗೆ ಪರದೆ ಕಾಣಲಿಲ್ಲ. ಸಾಹೇಬರು ಬೆಂಚು ಹತ್ತಿ ನಿಂತು, ಕಂಡದ್ದನ್ನು ಮೇಡಂಗೆ ಹೇಳತೊಡಗಿದರು. ಮೊದಲ ತಿರುವು ಸರಿಯಾಗಿ ತೆಗೆದುಕೊಂಡಿತು. ಇನ್ನೂ ಕೆಳಗಿಳಿಯಿತು. ಇಳಿಯುತ್ತ ಇಳಿಯುತ್ತ ಪರದೆಯ ಮೇಲಿನ ಚುಕ್ಕೆ ಇಲ್ಲವಾಯಿತು.

“ದಂಡೆಯ ಗುಡ್ಡದ ಮರೆಗೆ ಹೋಗಿದೆ,” ಎಂದರು ಸಾಹೇಬರು. “ಇದು ಲೆಕ್ಕದಲ್ಲಿದೆ.”

ಚುಕ್ಕೆ ಬರಲಿಲ್ಲ. ಜೊತೆವಿಮಾನ ಮೋಡ ತಪ್ಪಿಸಲು ಮೇಲೇರಿತ್ತು, ಅಲ್ಲಿಂದಲೂ ಸುದ್ದಿಯಿಲ್ಲ. ಸುರಕ್ಷತಾ ಅಧಿಕಾರಿ ಕಟ್ಟಿದ ಕೈಯನ್ನು ಬಿಚ್ಚಿದರು.

“ಬೀಗರೇ,” ಎಂದರು ಮೇಡಂ ಮೆಲ್ಲಗೆ, “ಏನಾದ್ರೂ ಕೊಕ್ಕೆ ಹಾಕಿ. ಸುಮ್ಮನಿರಬೇಡಿ.”

“ಏನೂ ಹೊಳೀತಿಲ್ಲ,” ಎಂದರು ಸಾಹೇಬರು.

ಅಷ್ಟರಲ್ಲಿ ಪೈಲಟಿನ ದನಿ. “ಕಾಣ್ತಿದೆ. ನೀರಿಗೆ ತೀರಾ ಹತ್ತಿರ. ಸರಿಯಾದ ದಾರಿಯಲ್ಲೇ ಇದೆ. ಗುರಿ ಎದುರಿಗಿದೆ.” ಸ್ವಲ್ಪ ತಡೆದು, “ಹೊಕ್ಕಿತು,” ಎಂದಳು. ಆ ಕೊನೆಯ ಮಾತಿನಲ್ಲಿ ಆಕೆಯ ದನಿ ಒಂದು ಕೂದಲೆಳೆ ಏರಿತ್ತೆಂದು ಆಮೇಲೆ ಅನೇಕರು ಹೇಳಿಕೊಂಡರು.

ಆಮೇಲಿನ ಗದ್ದಲದಲ್ಲಿ ಬೆಂಚು ಮಗುಚಿತು. ಸಾಹೇಬರು ಬಿದ್ದದ್ದು ನಿರ್ದೇಶಕರ ಮೇಲೆ. ಅವರು ಅದನ್ನು ಅಪ್ಪುಗೆಯೆಂದೇ ತಿಳಿದು ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಗುರಿಯ ಜಾಗಕ್ಕೆ ಹೋದರು. ಹಕ್ಕಿಗಳು ಬಿಟ್ಟರೆ ಯಾರೂ ಇಲ್ಲದ ಮರಳಿನ ದಿಬ್ಬ. ಅಲ್ಲಿ ಕಂಬಗಳ ನಡುವೆ ದೊಡ್ಡ ಕ್ಯಾನ್ವಾಸ್ ಕಟ್ಟಿದ್ದರು. ಬಟ್ಟೆಯ ನಟ್ಟನಡುವಿಗಿಂತ ಒಂಚೂರು ಎಡಕ್ಕೆ ತೂತು ಬಿದ್ದಿತ್ತು. ತೂತಿನಾಚೆ ಸಮುದ್ರ ಕಾಣುತ್ತಿತ್ತು. ಎರಡೂ ಗುಂಪಿನ ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೇಡಂ ಬಟ್ಟೆಯ ಹರಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸಾಹೇಬರು ಪಕ್ಕಕ್ಕೆ ಬಂದು ನಿಂತರು.

“ಎಡಕ್ಕೆ ಬಿದ್ದಿದೆ,” ಎಂದರು.

“ಹೂಂ.”

“ಸುಮ್ಮನೆ ಹೇಳ್ದೆ. ಚೆನ್ನಾಗಿ ಬಿದ್ದಿದೆ.” ಆಮೇಲೆ ಅವರೂ ತೂತಿನಾಚೆಯ ನೀರನ್ನು ನೋಡುತ್ತ, “ಇಂಥ ಬಟ್ಟೆಗಳಿಗೇ ಬೀಳ್ತಾ ಇರ್ಲಿ, ಅಲ್ವಾ?” ಎಂದರು.

“ಇರ್ಲಿ,” ಎಂದರು ಮೇಡಂ. ಅವರಿಗೆ ಮನಸ್ಸು ಸ್ವಲ್ಪ ಹಗುರಾಯಿತು. ಇಬ್ಬರೂ ಮರಳಿನ ಮೇಲೆ ಕುಳಿತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಸಾಹೇಬರು ಮೊಟ್ಟೆ ಮೂರು ತಿಂದರು. ಬೇಡವೆಂದು ಮೇಡಂ ಹೇಳಿದ್ದರು.

ವಾಪಸು ಬರುವಾಗ ಗಾಳಿ ಎದ್ದಿತು. ದೋಣಿ ಅಲೆಯ ಮೇಲೆ ಏರಿ ಇಳಿಯತೊಡಗಿದಂತೆ ಸಾಹೇಬರ ಮುಖ ಹಸಿರಾಗುತ್ತ ಬಂದು, ದಡ ಹತ್ತಿರವಾಗುವ ಹೊತ್ತಿಗೆ ಅವರು ದೋಣಿಯ ಅಂಚಿಗೆ ಬಗ್ಗಿಯೇಬಿಟ್ಟರು. ಮೇಡಂ ಹಿಂದಿನಿಂದ ಅವರ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

“ಬಿಡಬೇಡಿ,” ಎಂದರು ಸಾಹೇಬರು ನೀರಿನ ಕಡೆಯಿಂದ.

“ಬಿಡಲ್ಲ.”

ಆಗಲೇ ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೇಡಂ ಒಂದು ಕೈ ತೆಗೆದು ಅದನ್ನು ಎಳೆದುಕೊಂಡು ಕಿವಿಗಿಟ್ಟರು. ಹಲ್ಲಿನ ಡಾಕ್ಟರು.

“ಏನ್ರೀ, ಎಲ್ಲಿದ್ದಾರೆ ನಮ್ಮವರು? ಫೋನು ನೀವ್ಯಾಕೆ ತಗೊಂಡ್ರಿ? ಮತ್ತೆ ಜಗಳ ಆಡಿದ್ರಾ?”

“ಇಲ್ಲಪ್ಪ, ಪಕ್ಕದಲ್ಲೇ ಇದ್ದಾರೆ,” ಎಂದರು ಮೇಡಂ, ನಗು ತಡೆಯುತ್ತ, ಕಾಲರನ್ನು ಇನ್ನೊಂದು ಸುತ್ತು ಬಿಗಿಯಾಗಿ ಮುಷ್ಟಿಗೆ ಸುತ್ತಿಕೊಂಡು. “ಬೀಗರು ಸ್ವಲ್ಪ ಬಗ್ಗಿ ಮೀನು ನೋಡ್ತಿದ್ದಾರೆ. ರಾತ್ರಿ ಊಟಕ್ಕೆ ಏನೂ ಮಾಡಬೇಡಿ, ಗಂಜಿ ಸಾಕು.”